ಶುಕ್ರವಾರ ಹೊಸ್ತಿಲು ದಾಟದ ಪ್ರೊಸೆಸರ್

2022ರ ಬೇಸಿಗೆ. ಕೊರೊನಾ ಗಲಾಟೆ ತಣ್ಣಗಾಗಿ ಶಾಲೆಗಳೆಲ್ಲ ಮತ್ತೆ ಬಾಗಿಲು ತೆರೆದಿದ್ದವು. ನಾನು ಗಣಿತ ಹೇಳಿಕೊಡುತ್ತಿದ್ದ ಖಾಸಗಿ ಶಾಲೆ ಮಾತ್ರ ಮುಚ್ಚಿದ್ದು ಮುಚ್ಚಿದ ಹಾಗೆಯೇ ಉಳಿಯಿತು. ದೋರನಹಳ್ಳಿಯಲ್ಲಿ ಮನೆ, ಬಗಲಲ್ಲಿ ಪುಟ್ಟ ಮಗಳು, ಟ್ರಂಕಿನೊಳಗೆ ಬಿ.ಎಡ್. ಸರ್ಟಿಫಿಕೇಟು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮನೆಯಲ್ಲಿದ್ದವರ ಮೇಲೆಲ್ಲ ರೇಗಾಡುತ್ತಿದ್ದೆ.

ಅಷ್ಟರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳಿಕೊಡುವ ಒಂದು ಸಂಸ್ಥೆಯವರು ಶಿಕ್ಷಕರನ್ನು ಹುಡುಕುತ್ತಿದ್ದಾರೆಂದು ಗೆಳತಿಯೊಬ್ಬಳು ತಿಳಿಸಿದಳು. ಮಗಳನ್ನು ಬಿಟ್ಟು ಎಲ್ಲಿಗೂ ಹೋಗಬೇಕಿಲ್ಲ, ಮನೆಯಲ್ಲೇ ಕೂತು ಕಲಿಸಬಹುದು. ಅರ್ಜಿ ಹಾಕಿದೆ. ಒಂದು ಸೋಮವಾರ ವಿಡಿಯೊದಲ್ಲಿ ಮಾದರಿ ಪಾಠ ಮಾಡಿ ತೋರಿಸಿ ಎಂದರು.

ನಮ್ಮ ಮನೆಯಲ್ಲಿದ್ದ ಲ್ಯಾಪ್‌ಟಾಪ್ ನಮ್ಮ ಮನೆಯವರು ಡಿಪ್ಲೊಮಾ ಓದುವಾಗ ಕೊಂಡದ್ದು. ಕಲ್ಲಿನಷ್ಟು ಭಾರ. ಬೇಸಿಗೆಯಲ್ಲಿ ತೊಡೆಯ ಮೇಲಿಟ್ಟುಕೊಂಡರೆ ಚರ್ಮ ಕೆಂಪಾಗುತ್ತಿತ್ತು. ಆದರೂ ಅದರ ಮೇಲೆ ನನಗೆ ವಿಪರೀತ ಮಮತೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅದರಲ್ಲೇ ಸಿನಿಮಾ ನೋಡುತ್ತಿದ್ದೆವು, ಬಿ.ಎಡ್. ಪಾಠಯೋಜನೆಗಳನ್ನೆಲ್ಲ ನಾನು ಅದರಲ್ಲೇ ಬರೆದಿದ್ದೆ. ಹಿಂದಿನ ವರ್ಷ ಅದಕ್ಕೆ ಮೆಮೊರಿ ಹೆಚ್ಚಿಸಿದ್ದೆವು, ಹೊಸ ಡಿಸ್ಕ್ ಕೂಡ ಹಾಕಿಸಿದ್ದೆವು. ಅಷ್ಟೆಲ್ಲ ಮಾಡಿದರೂ ಮಾದರಿ ಪಾಠದ ದಿನ ಅದು ಕೈಕೊಟ್ಟಿತು. ನಾನು ಭಿನ್ನರಾಶಿ ಹೇಳುತ್ತ ಪರದೆಯ ಮೇಲೆ ಬರೆಯುವ ಬೋರ್ಡಿನ ಪುಟ ತೆರೆದೆ, ಚಿತ್ರ ಅಲ್ಲೇ ನಿಂತುಬಿಟ್ಟಿತು. ಆ ಕಡೆಯಿಂದ ಪಾಠ ನೋಡುತ್ತಿದ್ದ ಸಂಸ್ಥೆಯ ಮೇಡಂ, "ಸುಜಾತಾ ಅವರೇ, ನೀವು ಬಾಯಿ ತೆರೆದುಕೊಂಡು ಹಾಗೇ ಕಾಣಿಸುತ್ತಿದ್ದೀರಿ, ದನಿ ಬರುತ್ತಿಲ್ಲ" ಎಂದರು. ಒಳ್ಳೆಯ ಮನಸ್ಸಿನವರು. "ಮುಂದಿನ ಸೋಮವಾರ ಇನ್ನೊಂದು ಸಲ ನೋಡೋಣ. ಆಗಲೂ ಹೀಗಾದರೆ ನಾನೇನೂ ಮಾಡುವ ಹಾಗಿಲ್ಲ" ಎಂದು ಹೇಳಿ ಮುಗಿಸಿದರು.

ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಖಾದರ್ ಭಾಯ್ ಅಂಗಡಿಗೆ ಹೋದೆ. ನಮ್ಮ ಯಂತ್ರದ ಬೇನೆ ಬೇಸರಿಕೆಯೆಲ್ಲ ನೋಡಿಕೊಳ್ಳುವವರು ಅವರೇ.

"ಅಕ್ಕಾ, ಇದರಾಗಿನ ಪ್ರೊಸೆಸರ್ ಕಮಜೋರ್ ಅದ. ವಿಡಿಯೊ, ಬೋರ್ಡು ಎರಡೂ ಒಮ್ಮೆಲೇ ಎಳಿಯಂಗಿಲ್ಲ. ನಸೀಬ್ ಚಲೋ ಅದ, ಇದು ಬೆಸುಗಿ ಹಾಕಿದ್ದಲ್ಲ, ಬಿಚ್ಚಿ ಬ್ಯಾರೆ ಕೂಡಸಬಹುದು. ಐ-ಫೈವ್ ಅನ್ನೋ ಜೋರಿನ ಪ್ರೊಸೆಸರ್ ಹುಡುಕ್ರಿ" ಎಂದರು.

ಐ-ಫೈವ್ ಹುಡುಕುವುದು ಹೆಣ್ಣು ಹುಡುಕಿದಷ್ಟೇ ಕಷ್ಟ ಎಂದು ನನಗೆ ಆ ವಾರ ಗೊತ್ತಾಯಿತು. ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ಕೂರುವ ಜಾಗ ಹೊಂದಬೇಕು. ತಲೆಮಾರು ಹೊಂದಬೇಕು, ನಮ್ಮದು ಎರಡನೇ ತಲೆಮಾರಿನದು, ಮೂರನೆಯದು ಕೊಟ್ಟರೆ ಅದು ಗುರುತೇ ಹಿಡಿಯದೆ ಇರಬಹುದು. ಲ್ಯಾಪ್‌ಟಾಪ್ ಹೊತ್ತಿಸಿದಾಗ ಮೊದಲು ಏಳುವ ಬಯೋಸ್ ಎಂಬುದು ಅದನ್ನು ಒಪ್ಪಬೇಕು. ನನಗೆ ಇನ್ನೂ ಚುರುಕಾದ ಐ-ಸೆವೆನ್ ಮೇಲೆ ಆಸೆಯಾಗಿತ್ತು, ಆದರೆ ನಾಲ್ಕು ಕೋರಿನ ಅದರ ಬಿಸಿಯನ್ನು ನಮ್ಮ ಸಣ್ಣ ಫ್ಯಾನು ತಡೆಯುವುದಿಲ್ಲ ಎಂದು ಓದಿ ಆ ಆಸೆ ಬಿಟ್ಟೆ. ನಮ್ಮ ಕಡೆಯ ಬಿಸಿಲೇ ಸಾಕಷ್ಟಿದೆ.

ಇಷ್ಟೆಲ್ಲ ನಾನು ಓದಿಕೊಂಡಿದ್ದೆ, ನಮ್ಮ ಮನೆಯವರು ಓದಿರಲಿಲ್ಲ. ಕೆಲಸದ ಮೇಲೆ ಯಾದಗಿರಿಗೆ ಹೋದವರು ಸಂಜೆ ಬರುವಾಗ ಜೇಬಿನಿಂದ ಒಂದು ಪೊಟ್ಟಣ ತೆಗೆದು ಹೆಮ್ಮೆಯಿಂದ ನನ್ನ ಅಂಗೈಯಲ್ಲಿಟ್ಟರು. ಐ-ಫೈವ್ ಹೌದು, ಎರಡನೇ ತಲೆಮಾರೂ ಹೌದು. ಆದರೆ ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿನದು. ನಮ್ಮ ಲ್ಯಾಪ್‌ಟಾಪಿನಲ್ಲಿ ಅದು ಕೂರುವುದಿರಲಿ, ಒಳಗೆ ಇಣುಕಲೂ ಜಾಗವಿರಲಿಲ್ಲ.

"ಐ-ಫೈವ್ ಅಂದಿ, ಐ-ಫೈವ್ ತಂದೀನಿ. ಮತ್ತೇನ್ ತಪ್ಪು ನಂದು?" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ಆನ್‌ಲೈನಿನಲ್ಲಿ ತರಿಸಿದರೆ ಸೋಮವಾರದೊಳಗೆ ಬರುವ ಹಾಗಿರಲಿಲ್ಲ.

ಗುರುವಾರ ಖಾದರ್ ಭಾಯ್ ಫೋನ್ ಮಾಡಿದರು. "ಅಕ್ಕಾ, ಸುರಪುರದಾಗ ಶರಣಪ್ಪ ಅಂತ ಬಟ್ಟಿ ಅಂಗಡಿಯವರು ಅದಾರ. ಅವರ ಮಗಳ ಲ್ಯಾಪ್‌ಟಾಪ್ ಮ್ಯಾಲೆ ಕೂಲರಿನ ನೀರು ಬಿದ್ದು ಒಳಗಿನ ಮದರ್ ಬೋರ್ಡ್ ಹೋಗ್ಯಾದ. ನಿಮ್ಮದ ಮಾಡಲ್, ಆದ್ರ ಅದರಾಗ ಐ-ಫೈವ್ ಅದ. ಅದೇ ಕಂಪನಿ, ಅದೇ ಬೋರ್ಡು, ಒಪ್ಪಲಿಲ್ಲ ಅನ್ನೋ ಪ್ರಶ್ನಿನೇ ಬರಂಗಿಲ್ಲ. ಪ್ರೊಸೆಸರ್ ಜೀವಂತ ಅದನೋ ಇಲ್ಲೋ ಮಾತ್ರ ಅಲ್ಲಾಹ್‌ಗೇ ಗೊತ್ತು. ನಿಮ್ಮ ಲ್ಯಾಪ್‌ಟಾಪ್ ತಗೊಂಡು ಹೋಗಿ ಅಲ್ಲೇ ಹಾಕಿ ನೋಡ್ರಿ." ನಾನು ಅಂಗಡಿಗೆ ಹೋದಾಗ ಬಿಚ್ಚುವುದು, ಕೂರಿಸುವುದು ಹೇಗೆಂದು ತೋರಿಸಿಕೊಟ್ಟು, ಸ್ಕ್ರೂ ಡ್ರೈವರನ್ನೂ ಪ್ರೊಸೆಸರಿನ ಬಿಸಿ ಇಳಿಸುವ ಪೇಸ್ಟಿನ ಟ್ಯೂಬನ್ನೂ ಕೈಗಿಟ್ಟರು. ಶರಣಪ್ಪನವರಿಗೂ ಒಂದು ಮಾತು ಹೇಳಿದರು.

ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಶುಕ್ರವಾರ ಮಧ್ಯಾಹ್ನ ಸುರಪುರಕ್ಕೆ ಹೋದೆ. ಬಜಾರಿನಿಂದ ಮೇಲಕ್ಕೆ ಏರುವ ಓಣಿಯಲ್ಲಿ ಅವರ ಮನೆ. ಬಾಗಿಲ ಮೇಲೆ ವಿಭೂತಿ ಪಟ್ಟೆ, ಒಳಗೆ ಕೂಲರಿನ ಸದ್ದು. ಶರಣಪ್ಪನವರು "ಬಾರವ್ವಾ, ಖಾದರ್ ಹೇಳ್ಯಾನ" ಎಂದು ಕರೆದರು. ಅವರ ಹೆಂಡತಿ ನಾಗಮ್ಮ, ಅರವತ್ತರ ಆಸುಪಾಸಿನವರು, ಸ್ಟೀಲಿನ ಚೊಂಬಿನಲ್ಲಿ ನೀರು ತಂದರು.

ನಮ್ಮವ್ವ ನನಗೆ ಒಂದು ರೂಢಿ ಕಲಿಸಿದ್ದಳು. ಗೊತ್ತಿಲ್ಲದವರ ಮನೆಯಲ್ಲಿ ನೀರು ಮುಟ್ಟುವ ಮೊದಲು ನಾವು ಯಾರೆಂದು ಹೇಳಿಬಿಡಬೇಕು. ಆಮೇಲೆ ಗೊತ್ತಾಗಿ ಅವರು ಮುಖ ತಿರುಗಿಸಿದರೆ ಇನ್ನೂ ಹೆಚ್ಚು ನೋಯುತ್ತದೆ ಎನ್ನುವುದು ಅವಳ ಲೆಕ್ಕ. ಓದಿದ ಮೇಲೆ ಈ ರೂಢಿಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಆದರೂ ಬಿಡಲಾಗಿರಲಿಲ್ಲ. ಸ್ವಲ್ಪ ಒರಟಾಗಿಯೇ ಹೇಳಿದೆ: "ಕಾಕಿ, ನಾವು ಬೌದ್ಧರು. ದಲಿತರು. ಮೊದಲ ಹೇಳಿಬಿಡ್ತೀನಿ."

ಶರಣಪ್ಪನವರು ನೆಲ ನೋಡಿದರು. ನಾಗಮ್ಮನವರ ಮುಖದಲ್ಲಿ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೊಂಬು ಚಾಚಿದ ಕೈ ಒಂದು ಕ್ಷಣ ತಡೆಯಿತು, ನಾನು ಕಂಡೆ. ನನ್ನ ಲ್ಯಾಪ್‌ಟಾಪಿನ ಚೀಲದ ಮೇಲೆ ಕೈಯಿಟ್ಟು ಎದ್ದು ಹೊರಡಲು ತಯಾರಾದೆ. ಆಗ ಅವರು, "ಬಿಸಲಾಗ ಬಂದೀ ಅಂತ ನೀರು ತಂದೀನಿ. ಕುಡಿ ಮೊದಲ" ಎಂದು ಚೊಂಬನ್ನು ನನ್ನ ಕೈಗೇ ಕೊಟ್ಟರು. ಕುಡಿದೆ.

ಸತ್ತುಹೋದ ಲ್ಯಾಪ್‌ಟಾಪನ್ನು ಅವರು ಮಗಳ ರವಿಕೆ ಬಟ್ಟೆಯೊಂದರಲ್ಲಿ ಸುತ್ತಿಟ್ಟಿದ್ದರು. ಮಗಳು ವಿದ್ಯಾ ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾಳಂತೆ. ಇಂಜಿನಿಯರಿಂಗ್ ಓದುವಾಗ ಇದೇ ಅವಳ ಜೀವವಾಗಿತ್ತಂತೆ. "ಕೆಟ್ಟದ್ದು ಅಂತ ಒಗಿಯಾಕ ಮನಸ ಬರವಲ್ದು. ನಿನಗ ಉಪಯೋಗ ಆದ್ರ ತಗೋ, ರೊಕ್ಕ ಬ್ಯಾಡ" ಎಂದರು ನಾಗಮ್ಮ. ನಾನು ನೆಲದ ಮೇಲೆ ಕೂತು ಎರಡನ್ನೂ ಅಕ್ಕಪಕ್ಕ ಬಿಚ್ಚಿದೆ. ಅವರು ಮುಂದೆಯೇ ಕೂತು, ನಾನು ತೆಗೆದ ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿ ಹಿಡಿದುಕೊಂಡರು. ಬೀಗದಂತಹ ಸ್ಕ್ರೂ ಅರ್ಧ ತಿರುಗಿಸಿದೊಡನೆ ಐ-ಫೈವ್ ಸಲೀಸಾಗಿ ಎದ್ದು ಬಂತು. ನಮ್ಮದರಲ್ಲಿದ್ದ ಹಳೆಯದನ್ನು ತೆಗೆದು, ಇದನ್ನು ಮೂಲೆಯ ತ್ರಿಕೋನದ ಗುರುತಿಗೆ ಹೊಂದಿಸಿ ಇಟ್ಟೆ. ತನಗೆ ತಾನೇ ಕೂತಿತು. ಹಳೆಯ ಒಣ ಪೇಸ್ಟ್ ಒರೆಸಿ, ಅಕ್ಕಿಕಾಳಿನಷ್ಟು ಹೊಸದು ಹಾಕಿ, ಎಲ್ಲ ಬಿಗಿದು ಗುಂಡಿ ಒತ್ತಿದೆ.

ಪರದೆ ಕಪ್ಪಾಗಿಯೇ ಇತ್ತು. ಫ್ಯಾನು ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಾಗಮ್ಮ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡಿದ್ದರು. ಕೊನೆಗೆ ಬೆಳಕು ಬಂತು. ಬಯೋಸಿನ ಪುಟ ತೆರೆದು ನೋಡಿದೆ, ಐ-ಫೈವ್ ಎಂದೇ ತೋರಿಸುತ್ತಿತ್ತು. "ಬಂತು ಕಾಕಿ!" ಎಂದು ಕೂಗಿದೆ. ಅವರ ಇನ್ನೊಂದು ಕೈಯಲ್ಲಿದ್ದ ತಟ್ಟೆ ಬಿತ್ತು.

ಸಂಭ್ರಮದಲ್ಲಿ ಚೀಲ ತುಂಬಿಕೊಂಡು ಎದ್ದೆ. ಆಗ ನಾಗಮ್ಮ ಬಾಗಿಲಿಗೆ ಅಡ್ಡ ನಿಂತರು.

"ಇವತ್ತ ಶುಕ್ರವಾರ. ಮನಿಯಾಗಿನ ಸಾಮಾನು ಹೊರಗ ಕೊಡಂಗಿಲ್ಲ ನಾವು."

"ಕಾಕಿ, ಅದೀಗ ನನ್ನ ಲ್ಯಾಪ್‌ಟಾಪಿನ್ಯಾಗ ಅದ."

"ಇದ್ರೇನಾತು? ನನ್ನ ಮಗಳದ್ದು ಅದು. ಹೊಸ್ತಿಲ ದಾಟೂದು ನಾಳಿ."

ನನಗೆ ರೇಗಿತು. ಮತ್ತೆ ಬಿಚ್ಚಿಟ್ಟು ಹೋಗಿ ನಾಳೆ ಬರಬೇಕೇ ಎಂದು ಕೇಳಿದೆ. ಶರಣಪ್ಪನವರು, "ಏನಾಗ್ತದ ಬಿಡ, ಒಯ್ಯಲಿ" ಎಂದರೆ ಅವರ ಮಾತಿಗೂ ಬೆಲೆಯಿರಲಿಲ್ಲ. ನಾಗಮ್ಮ ನನ್ನನ್ನೇ ನೋಡುತ್ತ, "ಹೆಣ್ಮಕ್ಕಳನ್ನೂ ಶುಕ್ರವಾರ ತವರಿನಿಂದ ಕಳಸಂಗಿಲ್ಲ. ನೀನೂ ಇರು, ಅದೂ ಇರಲಿ. ನಾಳಿ ಮುಂಜಾನಿ ಇಬ್ಬರೂ ಹೋಗ್ರಿ" ಎಂದರು.

ನೀರು ಕೊಡಲು ತಡೆದ ಕೈ ಅದೇ, ಈಗ ನನ್ನ ಚೀಲ ಇಸಿದುಕೊಂಡ ಕೈಯೂ ಅದೇ. ನಮ್ಮ ಮನೆಯವರಿಗೆ ಫೋನ್ ಮಾಡಿದರೆ, "ಶುಕ್ರವಾರ ಅಂತ ಅಲ್ಲೇ ಉಳಿಯೂದಾ? ಗುರುತಿಲ್ಲದವರ ಮನಿಯಾಗ ಹ್ಯಾಂಗ ಇರ್ತಿ?" ಎಂದು ಗಾಬರಿಯಾದರು. ನಾಗಮ್ಮ ಫೋನ್ ಕಿತ್ತುಕೊಂಡು, "ತಮ್ಮಾ, ನಾ ನಾಗಮ್ಮ ಮಾತಾಡಾಕತ್ತೀನಿ. ನಿನ್ನ ಹೇಣ್ತಿನ್ನ ನಾವೇನ್ ಇಟ್ಗೊಳಂಗಿಲ್ಲ. ನಾಳಿ ಬಸ್ಸಿಗೆ ಕೂಡಸ್ತೀನಿ, ಚಿಂತಿ ಮಾಡಬ್ಯಾಡ" ಎಂದು ಹೇಳಿ ಇಟ್ಟುಬಿಟ್ಟರು.

ಸಂಜೆ ಸೊಲ್ಲಾಪುರದ ವಿದ್ಯಾಗೆ ಆ ಲ್ಯಾಪ್‌ಟಾಪಿನಿಂದಲೇ ವಿಡಿಯೊ ಕರೆ ಮಾಡಿದೆವು. ಬೋರ್ಡಿನ ಪುಟವನ್ನೂ ಜೊತೆಗೇ ತೆರೆದೆ. ಎಲ್ಲಿಯೂ ನಿಲ್ಲಲಿಲ್ಲ. ನನಗಿಂತ ಒಂದೆರಡು ವರ್ಷ ದೊಡ್ಡವಳಾದ ಆಕೆ ಪರದೆಯಲ್ಲಿ ನಗುತ್ತ, "ನನ್ನ ಪ್ರೊಸೆಸರ್ ಪಾಠ ಹೇಳಾಕತ್ತದ ಅಂದ್ರ ನನಗೂ ಪುಣ್ಯ ಬರಲಿ. ಎಲ್ಲಿ, ಒಂದ್ಸಲ ಮಾಡಿ ತೋರ್ಸು" ಎಂದಳು. ಹಾಗೆ ನನ್ನ ಮಾದರಿ ಪಾಠದ ತಾಲೀಮು ಅಲ್ಲೇ ನಡೆಯಿತು. ವಿದ್ಯಾಳೇ ಪರೀಕ್ಷಕಿ, ನಾಗಮ್ಮ ವಿದ್ಯಾರ್ಥಿನಿ.

"ಕಾಕಿ, ಅರ್ಧ ರೊಟ್ಟಿ ದೊಡ್ಡದೋ, ಮುಕ್ಕಾಲು ರೊಟ್ಟಿ ದೊಡ್ಡದೋ?"

"ಯಾರು ಬಡದ ರೊಟ್ಟಿ ಅನ್ನೂದರ ಮ್ಯಾಲದ ಅದು. ನನ್ನ ಅರ್ಧ ಅಂದ್ರ ಇವರವ್ವನ ಒಂದೂವರಿ" ಎಂದು ಗಂಡನ ಕಡೆ ಕೈ ತೋರಿಸಿದರು. ಶರಣಪ್ಪನವರು ಕೆಮ್ಮುವಷ್ಟು ನಕ್ಕರು. ಆ ಉತ್ತರದಿಂದಲೇ "ಎರಡೂ ರೊಟ್ಟಿ ಒಂದೇ ಅಳತೆ ಇದ್ದರೆ ಮಾತ್ರ ಹೋಲಿಸಬಹುದು" ಎಂದು ಪಾಠ ಶುರು ಮಾಡುವ ಉಪಾಯ ನನಗೆ ಹೊಳೆಯಿತು. ಊಟಕ್ಕೆ ಅವರ ಪಕ್ಕದಲ್ಲೇ ಕೂರಿಸಿಕೊಂಡು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಕೂಲರಿನ ಎದುರು ಹಾಸಿಗೆ ಹಾಸಿ ಪಕ್ಕದಲ್ಲೇ ಮಲಗಿದರು. ದೀಪ ಆರಿಸಿದ ಮೇಲೆ, "ಚೊಂಬು ಕೊಡೂ ಮುಂದ ನಾ ನಿಂತದ್ದು ನೋಡ್ದಿ ನೀ" ಎಂದರು. ಹೌದೆಂದೆ. "ಹಂಗ ಬೆಳದೀವಿ ನಾವು. ನಿಂತ್ಯಾಕ ನಿಂತೆ ಅಂತ ಮಧ್ಯಾಹ್ನದಿಂದ ಸುಡಾಕತ್ತದ" ಎಂದು ಮಗ್ಗುಲಾದರು. ನಾನು ಅವರ ಕೈ ಹುಡುಕಿ ಹಿಡಿದುಕೊಂಡೆ.

ಶನಿವಾರ ಬೆಳಿಗ್ಗೆ ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ವೀಳ್ಯದೆಲೆ, ರವಿಕೆ ಕಣ. ಮಗಳನ್ನು ತವರಿನಿಂದ ಕಳಿಸುವಾಗ ಮಾಡುವ ಹಾಗೆ. ಉಡಿಯಕ್ಕಿ ಸೆರಗಿನಲ್ಲಿ ಕಟ್ಟಿಕೊಂಡು, ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಸ್ಸಿನಲ್ಲಿ ಕೂತವಳು ಶಹಾಪುರ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ.

ಸೋಮವಾರದ ಪಾಠ ಎಲ್ಲೂ ನಿಲ್ಲಲಿಲ್ಲ. ಕೆಲಸ ಸಿಕ್ಕಿತು. ಮೊದಲು ಫೋನ್ ಮಾಡಿದ್ದು ನಾಗಮ್ಮ ಕಾಕಿಗೆ. ಆಮೇಲೆ ನಾಗರ ಪಂಚಮಿ ಬಂದರೆ ಉಂಡಿ ತಿನ್ನಲು ಬಾ ಎಂದು ಅವರಿಂದ ಕರೆ ಬರುತ್ತಿತ್ತು. ನಾನೂ ಮಗಳೂ ಹೋಗುತ್ತಿದ್ದೆವು. ವಿದ್ಯಾಗೆ ಆ ದಿನಗಳಲ್ಲಿ ಬರಲಾಗುತ್ತಿರಲಿಲ್ಲ, ಹಾಗಾಗಿ ನಾವಿಬ್ಬರೂ ಪರದೆಯಲ್ಲಷ್ಟೇ ಒಬ್ಬರನ್ನೊಬ್ಬರು ನೋಡಿದ್ದು.

ಹೋದ ವರ್ಷ ಕಾಕಿ ತೀರಿಕೊಂಡರು. ಸುದ್ದಿ ತಿಳಿದು ಓಡಿಹೋದೆ. ಮನೆ ತುಂಬ ಅವರ ಬಳಗ. ಒಳಗೆ ಲಿಂಗಾಯತರ ಪದ್ಧತಿಯಂತೆ ಕಾಕಿಯನ್ನು ಕೂರಿಸಿದ್ದರು, ಸುತ್ತಲೂ ಮನೆಯ ಹೆಣ್ಣುಮಕ್ಕಳು. ಹಬ್ಬಕ್ಕೆ ಹೋಗುವುದು ಬೇರೆ, ಇಷ್ಟು ಜನರ ನಡುವೆ ನಾನು ಯಾರು ಎಂದು ಹೇಳಿಕೊಳ್ಳಲಿ? ಓಣಿಯಲ್ಲೇ, ಗೋಡೆಯ ನೆರಳಿಗೆ ನಿಂತೆ. ಸ್ವಲ್ಪ ಹೊತ್ತಿಗೆ ಯಾರೋ ಹೊರಗೆ ಬಂದು ನನ್ನ ಮುಂಗೈ ಹಿಡಿದರು. ಅತ್ತು ಊದಿದ ಮುಖ. ವಿದ್ಯಾ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

"ಮನಿ ಹೆಣ್ಮಕ್ಕಳೆಲ್ಲ ಒಳಗ ಕುಂತೀವಿ. ನೀ ಯಾಕ ಇಲ್ಲಿ ನಿಂತಿ? ಬಾ" ಎಂದು ಎಳೆದುಕೊಂಡು ಹೋಗಿ ಕಾಕಿಯ ಪಕ್ಕದಲ್ಲಿ, ತನ್ನ ಮಗ್ಗುಲಿಗೆ ಕೂರಿಸಿದಳು. ಮುದುಕಿಯೊಬ್ಬರು ನನ್ನ ಕಡೆ ನೋಡಿ, "ಇಕಿ ಯಾರು?" ಎಂದು ಕೇಳಿದರು.

"ನನ್ನ ತಂಗಿ" ಎಂದಳು ವಿದ್ಯಾ.

ಮತ್ತೆ ಯಾರೂ ಏನೂ ಕೇಳಲಿಲ್ಲ. ಅಲ್ಲಿಯ ತನಕ ತಡೆದಿದ್ದ ಅಳು ನನಗೆ ಆಗ ಬಂತು. ಸುರಪುರದಲ್ಲಿ ನನಗೊಂದು ತವರಿದೆ ಎಂದು ಅಷ್ಟು ದಿನ ಸಲಿಗೆಯಿಂದ ಹೇಳಿಕೊಳ್ಳುತ್ತಿದ್ದೆ. ಅದು ನಿಜವೆಂದು ನಂಬಿದ್ದು ಆ ತವರಿನ ತಾಯಿಯನ್ನು ಕಳೆದುಕೊಂಡ ದಿನ.