ಪುಟ್ಟಿಯ ಬಾಯಾರಿಕೆ

ನೀರು ಕುಡಿಯುವ ಸದ್ದಿಗೆ ಹೆದರುವವಳು ನಾನು. ನಮ್ಮತ್ತೆಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗುವ ಮುಂಚೆ ಅವರು ಚೊಂಬಿನ ಮೇಲೆ ಚೊಂಬು ನೀರು ಕುಡಿಯುತ್ತಿದ್ದರು. ಬಿಸಿಲಿಗಿರಬೇಕು ಎಂದುಕೊಂಡಿದ್ದೆವು. ಆಮೇಲೆ ಅವರ ಕಾಲಿನ ಒಂದು ಬೆರಳೇ ಹೋಯಿತು. ಹಾಗಾಗಿ ಈ ಬೇಸಿಗೆಯಲ್ಲಿ ನಮ್ಮ ನಾಯಿ ಪುಟ್ಟಿ ನೀರಿನ ಬಟ್ಟಲನ್ನು ಮತ್ತೆ ಮತ್ತೆ ಖಾಲಿ ಮಾಡತೊಡಗಿದಾಗ ನನಗೆ ಅತ್ತೆಯ ಚೊಂಬೇ ನೆನಪಾಯಿತು.

ಮರಿಯಾಗದಿರಲೆಂದು ಆಪರೇಷನ್ ಮಾಡಿಸಿದ ಮೇಲೆ ಪುಟ್ಟಿ ದಿಂಬಿನಂತೆ ಊದಿಕೊಂಡಿದ್ದಳು. ಸೋಲೂರಿನ ನಮ್ಮ ಮನೆಯ ಮುಂದೆ ಬಸ್ಸಿಗೆ ಕಾಯುವವರೆಲ್ಲ ಅವಳನ್ನು ಬಸುರಿಯೆಂದೇ ತಿಳಿದಿದ್ದರು. ನಾನು ಫೋನಿನಲ್ಲಿ ಹುಡುಕಿ ಓದಿದೆ. ಆಪರೇಷನ್ನಿನಿಂದ ಹಾರ್ಮೋನು ಬದಲಾಗಿ ಹಸಿವು ಹೆಚ್ಚುತ್ತದಂತೆ, ಕೊಬ್ಬು ಸೇರಿದಷ್ಟೂ ಮೈಯಲ್ಲಿ ಇನ್ಸುಲಿನ್ನಿನ ಮಾತು ನಡೆಯುವುದಿಲ್ಲವಂತೆ, ದಪ್ಪಗಾದ ಬೆಕ್ಕುಗಳಿಗೂ ಸಕ್ಕರೆ ಕಾಯಿಲೆಯ ಅಪಾಯ ತಪ್ಪಿದ್ದಲ್ಲವಂತೆ. ಓದಿ ಮುಗಿಸುವಷ್ಟರಲ್ಲಿ ಪುಟ್ಟಿಗೆ, ಪಕ್ಕದ ಮನೆಯ ಬೆಕ್ಕಿಗೆ, ನನಗೆ, ಮೂವರಿಗೂ ಕಾಯಿಲೆ ಖಾತ್ರಿಯಾಗಿತ್ತು. ಬಾಯಿ ಒಣಗಿ ನಾನೂ ಎದ್ದು ನೀರು ಕುಡಿದೆ.

“ಇದುಕ್ಕೂ ನನ್ ಕಾಯ್ಲೇನೇ ಬಂದೈತೆ ಕಣವ್ವ,” ಎಂದರು ಅತ್ತೆ. ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಆಟೋ ಮಾಡಿಕೊಂಡು ಮಾಗಡಿಗೆ ಹೋಗಿ ಪುಟ್ಟಿಯನ್ನು ಡಾಕ್ಟರಮ್ಮನಿಗೆ ತೋರಿಸಿದೆವು. ತಿನ್ನಲು ಏನು ಹಾಕುತ್ತೀರಿ ಎಂದು ಅವರು ಕೇಳಿದರು. “ಮುದ್ದೆ, ಹಾಲು,” ಎಂದೆ ನಾನು.

ಅತ್ತೆ ತಲೆ ಬಗ್ಗಿಸಿದರು. “ಅವ್ಳಿಗೆ ಗೊತ್ತಿಲ್ಲ ಕಣ್ರವ್ವ. ಬನ್ನು, ರಸ್ಕು, ಹಬ್ಬುಕ್ಕೆ ಒಬ್ಬಟ್ಟು. ನಾನಂತೂ ತಿನ್ನಂಗಿಲ್ಲ, ಇದಾದ್ರೂ ತಿನ್ಲಿ ಅಂತ ಹಾಕ್ಬುಟ್ಟೆ.”

ಡಾಕ್ಟರಮ್ಮ ಪುಟ್ಟಿಯ ಕಿವಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ದಿನಾ ತಮ್ಮ ಹೊಟ್ಟೆಗೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವ ಅತ್ತೆ ಕಣ್ಣು ಮುಚ್ಚಿ ನನ್ನ ಕೈ ಹಿಡಿದರು.

“ಸದ್ಯಕ್ಕೆ ಶುಗರ್ ಇಲ್ಲ,” ಎಂದರು ಡಾಕ್ಟರಮ್ಮ. “ಆದ್ರೆ ಮೈ ಇಳಿಸದಿದ್ರೆ ಬರೋದು ದೂರ ಇಲ್ಲ. ಬನ್ನು ನಿಲ್ಸಿ. ದಿನಾ ನಡೆಸಿ.”

ಕಾಲಿನಿಂದ ಇನ್ನಷ್ಟು ರಕ್ತ ತೆಗೆದು ಮಾಡಿದ ಮಿಕ್ಕ ಪರೀಕ್ಷೆಗಳಲ್ಲೂ ಏನೂ ಸಿಗಲಿಲ್ಲ. ಭಾರದ ಮೈಗೆ ಸೆಕೆ ಜಾಸ್ತಿ, ಏದುಸಿರು ಬಿಟ್ಟು ಬಿಟ್ಟು ಬಾಯಾರುತ್ತದೆ ಎಂದರು.

ನನ್ನ ಭಯವಿನ್ನೂ ಹೋಗಿಲ್ಲ. ಆ ‘ಸದ್ಯಕ್ಕೆ’ ಎಂಬ ಪದ ನಮ್ಮ ಜೊತೆಯೇ ಆಟೋ ಹತ್ತಿ ಮನೆಗೆ ಬಂದುಬಿಟ್ಟಿದೆ. ಆದರೆ ನಡೆಯಿರಿ ಎಂದು ತಮ್ಮ ಡಾಕ್ಟರು ವರ್ಷಗಟ್ಟಲೆ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಅತ್ತೆ ಈಗ ಬೆಳಿಗ್ಗೆ ಪುಟ್ಟಿಯ ಹಗ್ಗ ಹಿಡಿದು ತೆಂಗಿನ ತೋಟದ ದಾರಿಯಲ್ಲಿ ಮೆಲ್ಲಗೆ ನಡೆಯುತ್ತಾರೆ. ತಮಗಾಗಿ ಹೆದರದವರು ಪುಟ್ಟಿಗಾಗಿ ಹೆದರಿದ್ದಾರೆ. ನಿನ್ನೆ ಟೀ ಅಂಗಡಿಯವನು ಪುಟ್ಟಿಗೆ ಬಿಸ್ಕತ್ತು ಹಾಕಲು ಬಂದಾಗ ಅತ್ತೆ ತಡೆದರಂತೆ.

“ಬ್ಯಾಡ ಕಣಪ್ಪ. ನಮ್ಮಿಬ್ರಿಗೂ ಡಾಕ್ಟ್ರು ಬ್ಯಾಡ ಅಂದವ್ರೆ.”