ಸ್ಕೇಲಮ್ಮನ ಒಂಬತ್ತು ಸೆಕೆಂಡು

ಅವಳಿಗೆ ಸ್ಕೇಲಮ್ಮ ಎಂದು ಹೆಸರಿಟ್ಟವರು ತಾವೇ ಎಂದು ನಾಟಕ ತಂಡದಲ್ಲಿ ಇವತ್ತಿಗೂ ಯಾರೂ ಒಪ್ಪಿಕೊಳ್ಳುವುದಿಲ್ಲ. ಡಿಸೈನ್ ಕಾಲೇಜಿನ ಎರಡನೇ ವರ್ಷದ ಹುಡುಗಿ, ಚೀಲದಲ್ಲಿ ಸದಾ ಒಂದಡಿಯ ಸ್ಟೀಲ್ ಸ್ಕೇಲು. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ಸಾಕು, ಮಾತಾಡುತ್ತಿದ್ದವರನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ನೆಟ್ಟಗೆ ಮಾಡಿ ಬರುವಳು. ಇದು ಅಪ್ಪನಿಂದ ಬಂದ ಬಳುವಳಿ. ಅಪ್ಪ ಗಡಿಯಾರ ರಿಪೇರಿಯವರು. ಊಟಕ್ಕೆ ಕರೆದಾಗ 'ಎರಡು ನಿಮಿಷ' ಎಂದರೆ ನಿಜವಾಗಿಯೂ ಎರಡೇ ನಿಮಿಷಕ್ಕೆ ಎದ್ದು ಬರುವ ಅಪರೂಪದ ಮನುಷ್ಯ.

ತಂಡದ ಪೋಸ್ಟರ್ ಕೆಲಸ ಅವಳ ಕೈಗೆ ಬಂದದ್ದು ಬೇರೆ ಯಾರೂ ಒಪ್ಪದ ಕಾರಣಕ್ಕೆ. ಅವಳು ಮಾತ್ರ ಅದನ್ನು ಪಟ್ಟಾಭಿಷೇಕ ಎಂದೇ ತಿಳಿದಳು. ಮೊದಲ ನಾಟಕದಲ್ಲಿ ಒಂದು ಮರದ ಕುರ್ಚಿಗೆ ದೊಡ್ಡ ಮಹತ್ವವಿತ್ತು. ಹದಿನೈದು ದಿನ ತಲೆ ಕೆಡಿಸಿಕೊಂಡು ಸ್ಕೇಲಮ್ಮ ಪೋಸ್ಟರ್ ಮಾಡಿದಳು. ಹಾಳೆಯ ತುಂಬ ಬಿಳಿ, ಒಂದು ಮೂಲೆಯಲ್ಲಿ ಆ ಕುರ್ಚಿ. ನಾಟಕದ ಹೆಸರು, ದಿನ, ಹೊತ್ತು, ಜಾಗ ಎಲ್ಲ ಬೂದಿ ಬಣ್ಣದಲ್ಲಿ, ಇರುವೆ ಸಾಲಿನಂತೆ, ಕುರ್ಚಿಯ ಕಾಲಡಿ. ಅದನ್ನೇ ತರಗತಿಯ ಕೆಲಸವಾಗಿಯೂ ಒಪ್ಪಿಸಿದಾಗ ಕಾಲೇಜಿನ ಮೇಡಂ ಕನ್ನಡಕ ಏರಿಸಿ ನೋಡಿ, "ಎಂಥಾ ಮೌನ ಇದೆ ಇದರಲ್ಲಿ!" ಎಂದು ಹೊಗಳಿದರು. ಸ್ಕೇಲಮ್ಮ ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ.

ನಾಟಕಕ್ಕೆ ಬಂದವರು ಹನ್ನೊಂದು ಜನ. ಹಾಲ್‌ನಲ್ಲಿ ಇದ್ದದ್ದು ನೂರು ಕುರ್ಚಿ.

ಆ ಹನ್ನೊಂದನ್ನು ಎಣಿಸಿದವರು ಔಷಧಿಯಕ್ಕ. ಹಗಲು ಔಷಧಿ ಅಂಗಡಿಯಲ್ಲಿ ಗುಳಿಗೆ ಎಣಿಸಿ ಕೊಡುವ ಕೆಲಸ, ಸಂಜೆ ನಾಟಕ. ಮೂವತ್ತು ವರ್ಷಗಳಲ್ಲಿ ಅವರು ಅತ್ತೆಯಾಗಿದ್ದರು, ಪಕ್ಕದ ಮನೆಯಾಕೆಯಾಗಿದ್ದರು, ಎರಡು ಸಲ ಹೆಣವೂ ಆಗಿದ್ದರು. ಪ್ರತಿ ಸಲವೂ ರಂಗಕ್ಕೆ ಹೋಗುವ ಮುಂಚೆ ಪರದೆಯ ತೂತಿಗೆ ಕಣ್ಣಿಟ್ಟು ತಲೆ ಎಣಿಸುವುದು ಅವರ ಅಭ್ಯಾಸ.

"ಹನ್ನೊಂದು," ಎಂದರು ಅಕ್ಕ. "ಅದರಲ್ಲಿ ಇಬ್ಬರು ಯಾಕೋ ಬರೀ ಕೂತಿರೋ ಕುರ್ಚಿನೇ ನೋಡ್ತಾ ಇದಾರೆ."

ಗುಟ್ಟು ಒಡೆದವನು ಅಂಟುಮಾವ. ಪೋಸ್ಟರ್ ಅಂಟಿಸುವುದು, ಬಾಗಿಲು ಕಾಯುವುದು, ಸಾಮಾನು ಹೊರುವುದು ಎಲ್ಲ ಅವನದೇ. ನಾಟಕ ಮುಗಿದ ಮೇಲೆ ದಪ್ಪ ಮೀಸೆಯವರೊಬ್ಬರು ಅವನ ಹತ್ತಿರ ಬಂದು, "ಈ ಕುರ್ಚಿ ಸೆಟ್ ಆಗಿ ಸಿಗತ್ತಾ, ಒಂದೊಂದೇ ಕೊಡ್ತೀರಾ?" ಎಂದು ಕೇಳಿದರಂತೆ. ಪೋಸ್ಟರನ್ನು ಪೀಠೋಪಕರಣದ ಜಾಹೀರಾತು ಎಂದುಕೊಂಡು ಬಂದಿದ್ದರು. ನಾಟಕ ಎಂದು ಗೊತ್ತಾಗುವಷ್ಟರಲ್ಲಿ ಅಂಟುಮಾವ ಬಾಗಿಲು ಹಾಕಿಬಿಟ್ಟಿದ್ದ, ಪಾಪ.

ತಂಡದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ಕೇಲಮ್ಮ ಮುಖ ಹುಳ್ಳಗೆ ಮಾಡಿಕೊಂಡು, "ಜನಕ್ಕೆ ನೋಡೋಕೆ ಬರಲ್ಲ" ಎಂದಳು. ಅಕ್ಕ ನಗಲಿಲ್ಲ. ಬಣ್ಣ ಒರೆಸಿಕೊಳ್ಳುತ್ತ, "ಮುಂದಿನ ನಾಟಕದಲ್ಲಿ ನಾನೇ ಮುಖ್ಯ ಪಾತ್ರ ಕಣೇ," ಎಂದರು. "ಮೊದಲನೇ ಸಲ. ಈ ಮಂಡಿ ನೋಡಿದ್ರೆ ಅದೇ ಕೊನೇದು ಕೂಡ. ಒಂದು ಸಲ, ಒಂದೇ ಒಂದು ಸಲ, ತುಂಬಿದ ಹಾಲ್ ನೋಡ್ಬೇಕು ನನಗೆ." ಅವರ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಸ್ಕೇಲಮ್ಮನಿಗೆ ಚುಚ್ಚಿತು. ಅವತ್ತು ಮನೆಗೆ ಹೋಗಿ, ವಾಲಿದ್ದ ಕ್ಯಾಲೆಂಡರನ್ನು ಹಾಗೇ ಬಿಟ್ಟು ಮಲಗಿದಳು.

ಮರುದಿನ ಬೆಳಿಗ್ಗೆ ಅಂಟುಮಾವ ಅವಳನ್ನು ಬಸ್ ಸ್ಟಾಪಿನ ಎದುರಿನ ಗೋಡೆಗೆ ಕರೆದುಕೊಂಡು ಹೋದ. ಕುರ್ಚಿ ಇನ್ನೂ ಅಲ್ಲೇ ಅಂಟಿಕೊಂಡಿತ್ತು.

"ಬಸ್ ಬಂತು. ಎಷ್ಟು ಹೊತ್ತು ನಿಲ್ಲತ್ತೆ, ಎಣಿಸು."

ಸ್ಕೇಲಮ್ಮ ವಾಚು ನೋಡಿದಳು. ಒಂಬತ್ತು ಸೆಕೆಂಡು. ಕಿಟಕಿ ಪಕ್ಕದ ಹೆಂಗಸು ಗೋಡೆಯತ್ತ ನೋಡಿದಳು, ಆಕಳಿಸಿದಳು, ಬಸ್ಸು ಹೊರಟೇಹೋಯಿತು.

"ನಾನು ಇಪ್ಪತ್ತು ವರ್ಷದಿಂದ ಅಂಟಿಸ್ತಾ ಇದೀನಿ," ಎಂದ ಅಂಟುಮಾವ. "ಗೋಡೆ ಹತ್ರ ಸ್ಕೇಲ್ ಹಿಡ್ಕೊಂಡು ಬಂದವರು ಯಾರೂ ಇಲ್ಲಮ್ಮ. ಎಲ್ಲರೂ ಆ ಕಿಟಕಿಯಿಂದಾನೇ ನೋಡೋದು."

ಮುಂದಿನ ನಾಟಕದ ಹೆಸರು 'ಬ್ರೇಕಿಲ್ಲದ ಸೈಕಲ್'. ಅರವತ್ತನೇ ವಯಸ್ಸಿನಲ್ಲಿ ಸೈಕಲ್ ಕಲಿಯುವ ಹೆಂಗಸಿನ ಕತೆ. ಸ್ಕೇಲಮ್ಮನ ಮನೆಯ ಪಡಸಾಲೆ ಬಸ್ ಸ್ಟಾಪ್ ಆಯಿತು. ಒಂದು ತುದಿಯ ಗೋಡೆಗೆ ಪೋಸ್ಟರ್, ಇನ್ನೊಂದು ತುದಿಯಲ್ಲಿ ಅಮ್ಮ, ಕನ್ನಡಕವಿಲ್ಲದೆ. ಪಕ್ಕದಲ್ಲಿ ಅಪ್ಪ, ಕೈಯಲ್ಲಿ ಗಡಿಯಾರ. ಅಪ್ಪ 'ಹೂಂ' ಎಂದಾಗ ಅಮ್ಮ ಕಣ್ಣು ತೆರೆಯಬೇಕು, ಒಂಬತ್ತು ಸೆಕೆಂಡಿಗೆ ಅಪ್ಪ 'ಸಾಕು' ಎಂದಾಗ ಮುಚ್ಚಬೇಕು.

ಮೊದಲನೆಯದರಲ್ಲಿ ಅಕ್ಕನ ಮುಖ ಮಾತ್ರ ಇತ್ತು. ಅಮ್ಮ ಗಾಬರಿಯಾದರು. "ಅಯ್ಯೋ, ಯಾರೇ ಈಕೆ? ಯಾವಾಗಿಂದ ಕಾಣೆಯಾಗಿದಾಳಂತೆ?"

ಎರಡನೆಯದರಲ್ಲಿ ಬರೀ ಚಕ್ರ. "ಪಂಕ್ಚರ್ ಅಂಗಡಿ."

ಮೂರನೆಯದನ್ನು ಅಮ್ಮ ನೋಡಿದ್ದೇ ಇಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

"ನಿಮ್ಮ ಕಣ್ಣೇ ಸರಿ ಇಲ್ಲ!" ಎಂದು ಮಗಳು ರೇಗಿದಳು. "ಅದಕ್ಕೇ ತಾನೇ ನನ್ನ ನಿಲ್ಲಿಸಿದ್ದು," ಎಂದು ಅಮ್ಮ ತಣ್ಣಗೆ ಹೇಳಿದರು. ಅಪ್ಪ ಯಾರ ಪಕ್ಷವನ್ನೂ ವಹಿಸಲಿಲ್ಲ. ಅವರು ಗಡಿಯಾರಕ್ಕೆ ಮಾತ್ರ ನಿಷ್ಠರು.

ಏಳನೆಯದು ಗೋಡೆಗೇರಿದಾಗ ಸ್ಕೇಲಮ್ಮ ಸೋತು ನೆಲದ ಮೇಲೆ ಕೂತಿದ್ದಳು. ಹಳದಿ ಹಾಳೆ. ನೇರ ನಮ್ಮ ಎದೆಯ ಮೇಲೇ ನುಗ್ಗಿ ಬರುವ ಸೈಕಲ್ಲು, ಅದರ ಮೇಲೆ ಬಾಯಿ ತೆರೆದು ಕಿರುಚುತ್ತಿರುವ ಅಕ್ಕ, ಹೆಡೆಯಂತೆ ಎದ್ದ ಸೆರಗು. ಕೆಳಗೆ, ಇರುವೆಯ ಬದಲು ಆನೆಯಂಥ ಅಕ್ಷರಗಳು.

ಅಮ್ಮ ಕಣ್ಣು ತೆರೆದವರೇ ಒಂದು ಹೆಜ್ಜೆ ಹಿಂದೆ ಸರಿದರು. "ಏ, ಬಿದ್ದುಬಿಡ್ತಾಳೆ ಕಣೇ ಆಕೆ! ಭಾನುವಾರ ಸಂಜೆ ಆರು ಗಂಟೆ... ಟೌನ್ ಹಾಲ್..."

"ನಾಲ್ಕು ಸೆಕೆಂಡು," ಎಂದರು ಅಪ್ಪ. ಅವರ ಬಾಯಿಂದ ಬರುವ ದೊಡ್ಡ ಹೊಗಳಿಕೆ ಅದು.

ಕಾಲೇಜಿನ ಮೇಡಂ ಮೂಗು ಮುರಿದರು. "ಇದೇನು, ಇಷ್ಟೊಂದು ಕೂಗಾಡ್ತಾ ಇದೆ?" ಎಂದು ಹತ್ತು ಅಂಕ ಕಡಿಮೆ ಕೊಟ್ಟರು. ಸ್ಕೇಲಮ್ಮನಿಗೆ ಬೇಸರವಾಯಿತು, ಆಗಲಿಲ್ಲ ಎಂದರೆ ಸುಳ್ಳು. ಆದರೂ ಪೋಸ್ಟರನ್ನು ಬದಲಿಸಲಿಲ್ಲ. ಅಂಟಿನ ಬಕೆಟ್ಟನ್ನು ತಾನೇ ಹೊತ್ತುಕೊಂಡು ಅಂಟುಮಾವನ ಜೊತೆ ಎಲ್ಲ ಬಸ್ ಸ್ಟಾಪು ಸುತ್ತಿದಳು. ಒಂದೆರಡು ಕಡೆ ಪೋಸ್ಟರ್ ಸೊಟ್ಟಗೆ ಕೂತಿತು. ನೋಡಿಯೂ ನೋಡದಂತೆ ಮುಂದೆ ಹೋದಳು.

ಭಾನುವಾರ, ಆರಕ್ಕೆ ಹತ್ತು ನಿಮಿಷ. ಅಕ್ಕ ಪರದೆಯ ತೂತಿಗೆ ಕಣ್ಣಿಟ್ಟು ಎಣಿಸತೊಡಗಿದರು. ನಲವತ್ತಕ್ಕೆ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದರು. ಈ ಸಲ ಮೂವತ್ತಕ್ಕೇ ತಪ್ಪಿತು. ಮೂವತ್ತು ವರ್ಷ ಒಂದು ಗುಳಿಗೆಯನ್ನೂ ತಪ್ಪಿ ಕೊಡದ ಹೆಂಗಸು.

"ನನ್ನ ಕೈಲಾಗಲ್ಲ. ನೀನೇ ಎಣಿಸೇ," ಎಂದು ಪಕ್ಕಕ್ಕೆ ಸರಿದರು.

ಸ್ಕೇಲಮ್ಮ ಕಣ್ಣಿಟ್ಟಳು. ಮೊದಲ ಸಾಲಿನಲ್ಲಿ ಅಮ್ಮ, ಇವತ್ತು ಕನ್ನಡಕ ಹಾಕಿಕೊಂಡು. ಪಕ್ಕದಲ್ಲಿ ಅಪ್ಪ, ವಾಚು ನೋಡಿಕೊಳ್ಳುತ್ತ. ಹಿಂದೆ ತಲೆಗಳೋ ತಲೆಗಳು. ಇಬ್ಬರ ಕುರ್ಚಿಯಲ್ಲಿ ಮೂವರು, ತೊಡೆಯ ಮೇಲೆ ಮಕ್ಕಳು, ಬಾಗಿಲಿಗೆ ಒರಗಿ ನಿಂತವರು. ನಡುವೆ ಅಂಟುಮಾವ ಹಳೇ ನಾಟಕದ ಆ ಮರದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು, ಆ ದಪ್ಪ ಮೀಸೆಯವರನ್ನು ಕೂರಿಸುತ್ತಿದ್ದ. ಅವರಿಗೆ ಕೊನೆಗೂ ಕುರ್ಚಿ ಸಿಕ್ಕಿತ್ತು. ಹಾಲ್‌ನಲ್ಲಿ ಒಂದು ಸಾಲೂ ನೆಟ್ಟಗಿರಲಿಲ್ಲ, ಯಾವುದನ್ನೂ ನೆಟ್ಟಗೆ ಮಾಡಬೇಕು ಎಂದು ಅವಳಿಗೆ ಅನಿಸಲೂ ಇಲ್ಲ. ಸಂತೋಷಕ್ಕೆ ಕಣ್ಣು ಮಂಜಾಯಿತು.

"ಎಷ್ಟಾಯ್ತೇ?" ಎಂದರು ಅಕ್ಕ ಹಿಂದಿನಿಂದ.

"ಗೊತ್ತಿಲ್ಲ ಅಕ್ಕ. ಕುರ್ಚಿ ಸಾಲ್ತಾ ಇಲ್ಲ."

ಅಕ್ಕ ಬಣ್ಣ ಕೆಡದ ಹಾಗೆ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು. ಆಮೇಲೆ ನೋಯುವ ಮಂಡಿಯನ್ನು ಮೆಲ್ಲಗೆ ಎತ್ತಿ ಸೈಕಲ್ ಹತ್ತಿ, ಟ್ರಿಣ್ ಟ್ರಿಣ್ ಎಂದು ಬೆಲ್ಲು ಬಾರಿಸಿದರು.