ಕಂಠಮಟ ತುಂಬಿದ ಕೊಪ್ಪರಿಗೆ

ಗದಗ ಜಿಲ್ಲೆಯಾದ ಹೊಸದರಲ್ಲಿ ಊರೂರಿಗೆ ಕಲ್ಯಾಣ ಮಂಟಪಗಳು ಎದ್ದವು. ಅಡುಗೆ ಕೆಳಗೆ ಹಿತ್ತಲಲ್ಲಿ, ಊಟದ ಪಂಕ್ತಿ ಮೇಲೆ ಮಹಡಿಯಲ್ಲಿ. ಕಟ್ಟಿಸಿದವರು ಜನ್ಮದಲ್ಲಿ ಒಂದು ಕೊಡ ನೀರನ್ನೂ ಹೊತ್ತಿರಲಿಕ್ಕಿಲ್ಲ. ನಾನಾಗ ಬೆಟಗೇರಿಯ ಅಡುಗೆ ಗುತ್ತಿಗೆದಾರರೊಬ್ಬರ ಬಳಿ ಹೊರುವ, ಬಡಿಸುವ ಕೆಲಸಕ್ಕಿದ್ದೆ. ಮೆಟ್ಟಿಲು ಕಂಡರೆ ಸಾಕು, ಮನಸ್ಸಿನಲ್ಲೇ ಜಾರಿ ಬಿದ್ದು, ಸುಟ್ಟುಕೊಂಡು, ಆಸ್ಪತ್ರೆ ಸೇರಿ, ಹೆಂಡತಿಯಿಂದ ಬೈಸಿಕೊಂಡೂ ಬಂದಿರುತ್ತಿದ್ದೆ.

ಲಕ್ಷ್ಮೇಶ್ವರದ ಒಂದು ಮದುವೆ. ಕುದಿಯುವ ಹೋಳಿಗೆ ಸಾರಿನ ಕೊಪ್ಪರಿಗೆ ಮೇಲೆ ಹೋಗಬೇಕು. ಹೊರಲು ನನ್ನ ಜೋಡಿ ಡೋಣಿ ಊರಿನವರೊಬ್ಬರು. ಸಂಬಂಧಿಕರಲ್ಲ, ವಯಸ್ಸಿಗೆ ಕಾಕಾ. ಮೆಟ್ಟಿಲೇರುವಾಗ ಭಾರವೆಲ್ಲ ಕೆಳಗಿನವರ ಮೇಲೆಯೇ. ಮೆಟ್ಟಿಲಿಗೇ ಹೆದರುವ ನನಗೆ ಆ ಜಾಗ ಕೊಡಲು ಕಾಕಾ ಒಪ್ಪುತ್ತಿರಲಿಲ್ಲ. ಅಂದು ಬೆಳಗಿನಿಂದ ಅವರು ಸೊಂಟ ಹಿಡಿದುಕೊಂಡೇ ಓಡಾಡುತ್ತಿದ್ದರು.

"ಅರ್ಧ ಅರ್ಧ ಮಾಡಿ ಎರಡ ಸಲ ಒಯ್ತೀವ್ರಿ," ಎಂದೆ.

ಹೆಣ್ಣಿನ ಕಡೆಯ ಹಿರಿಯರೊಬ್ಬರು ಸಿಡಿದರು. "ಮದಿವ್ಯಾಗ ಅರ್ಧ ಪಾತ್ರಿ ಹೊತ್ಕೊಂಡು ಅಡ್ಡ್ಯಾಡ್ತೀಯೇನಲೇ? ಅಪಶಕುನ! ಕಂಠಮಟ ತುಂಬ್ರಿ."

ನಮ್ಮ ಗುತ್ತಿಗೆದಾರರು ತಾವೇ ಸೌಟು ಹಿಡಿದು ತುಂಬಿದರು.

ಮೆಟ್ಟಿಲ ತಿರುವಿನಲ್ಲಿ ಕಾಕಾ "ಯಪ್ಪಾ" ಎಂದರು. ಸೊಂಟ ಹಿಡಿದಿತ್ತು. ಬಿಟ್ಟರೆ ಸಾರು ಎದೆಯ ಮೇಲೆಯೇ ಬರಬೇಕು. ಬಿಡಲಿಲ್ಲ, ಹಲ್ಲು ಕಚ್ಚಿ ಕೊಪ್ಪರಿಗೆಯನ್ನು ಕೆಳಗೂರಿ, ಆಮೇಲೆ ಕುಸಿದರು. ಹಿರಿಯರು ಓಡಿ ಬಂದರು. ಬಿದ್ದಿದ್ದ ಕಾಕಾರನ್ನು ದಾಟಿ ಹೋಗಿ ಕೊಪ್ಪರಿಗೆಯೊಳಗೆ ಇಣುಕಿದರು.

"ಚೆಲ್ಲಿಲ್ಲಲ್ಲ?"

ಆ ಮಾತು ನೆನಪಾದರೆ ಇವತ್ತಿಗೂ ನನಗೆ ಅನ್ನ ಸೇರುವುದಿಲ್ಲ. ಹೆದರಿಕೆ ನನ್ನನ್ನು ಬಿಟ್ಟುಹೋದದ್ದು ಅದೊಂದೇ ಸಲ. ಸಾರನ್ನು ಅಲ್ಲೇ ಅರ್ಧ ಬಕೆಟ್ಟಿನಷ್ಟು ಬಗ್ಗಿಸಿಕೊಂಡು, ಆ ಹಿರಿಯರ ಮುಂದೆಯೇ ಮೇಲೆ ಒಯ್ದೆ. "ಅರ್ಧ ಐತ್ರಿ, ಛಲೋತಂಗ ನೋಡ್ಕೋರಿ!" ಎಂದು ಗರ್ಜಿಸಿದೆ. ಗರ್ಜನೆ ಕೀರಲಾಗಿತ್ತು, ಆ ಮಾತು ಬೇರೆ. ಬೀಗರು ಅದೇ ಸಾರನ್ನು ಕೇಳಿ ಕೇಳಿ ಹಾಕಿಸಿಕೊಂಡರು.

ಮದುಮಕ್ಕಳಿಗೆ ಯಾವ ಅಪಶಕುನವೂ ತಟ್ಟಲಿಲ್ಲ. ಕೆಲ ವರ್ಷಗಳ ಮೇಲೆ ಮುಂಡರಗಿಯ ಮದುವೆಯೊಂದಕ್ಕೆ ಮಕ್ಕಳನ್ನೆತ್ತಿಕೊಂಡು ಬಂದು ಚೆನ್ನಾಗಿ ಉಂಡರು. ಅವರುಂಡ ಪಲ್ಯದ ಉಳ್ಳಾಗಡ್ಡಿ ಹೆಚ್ಚಿದವರು ಕಾಕಾ. ನೆಟ್ಟಗೆ ನಿಲ್ಲಲಾಗದವರಿಗೆ ಅದೊಂದೇ ಕೆಲಸ ಉಳಿದಿತ್ತು.

ಅಲ್ಲಿಯೂ ಯಾರೋ ಕೊಪ್ಪರಿಗೆ ಪೂರ್ತಿ ತುಂಬಲು ಸೌಟು ಹಿಡಿದಿದ್ದ ನನಗೆ ಕೂಗಿದರು. ಕಾಕಾ ತಲೆ ಎತ್ತಲಿಲ್ಲ.

"ತುಂಬಲೇ ತಮ್ಮಾ, ತುಂಬು. ನನ್ನ ಬಾಜೂಕ ಜಾಗಾ ಖಾಲಿ ಐತಿ. ಇಬ್ಬರೂ ಕುಂತು ಉಳ್ಳಾಗಡ್ಡಿ ಹೆಚ್ಚೋಣು."

ನಾನು ಅರ್ಧಕ್ಕೇ ಸೌಟು ಕೆಳಗಿಟ್ಟೆ.